ಕಿರುಚಿತ್ರಕ್ಕೆ ಚಿತ್ರಕಥೆ: ಕ್ಯಾಮೆರಾಗೆ ಕಾಣುವುದನ್ನು ಬರೆಯಿರಿ

ಕಾಲೇಜು ಹುಡುಗ ಹುಡುಗಿಯರು ಬರೆದ ಸ್ಕ್ರಿಪ್ಟ್‌ಗಳನ್ನು ಬಹಳ ವರ್ಷಗಳಿಂದ ಓದುತ್ತಿದ್ದೇನೆ. ಕಥೆ ಚೆನ್ನಾಗಿರುತ್ತದೆ, ಉತ್ಸಾಹವೂ ಇರುತ್ತದೆ. ಎಡವುವುದು ಹೆಚ್ಚಾಗಿ ಒಂದೇ ಕಡೆ, ಸೀನ್ ಬರೆಯುವಾಗ. ಉಳಿದದ್ದನ್ನು ಬೇಗ ಮುಗಿಸಿ ಅಲ್ಲೇ ಜಾಸ್ತಿ ಹೊತ್ತು ನಿಲ್ಲೋಣ.

1. ಒಂದು ಸಾಲು

ಯಾರ ಕಥೆ, ಅವರಿಗೇನು ಬೇಕು, ಅಡ್ಡ ಬರುವುದೇನು? ಮೂರೂ ಒಂದೇ ವಾಕ್ಯದಲ್ಲಿ ಕೂರಬೇಕು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಗೆದ್ದದ್ದು ಕನ್ನಡ ಚಿತ್ರ. ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐನಲ್ಲಿ ಕಲಿತ ಚಿದಾನಂದ ಎಸ್. ನಾಯ್ಕ್ ಮಾಡಿದ್ದು, ಸುಮಾರು 16 ನಿಮಿಷದ್ದು. ಅಜ್ಜಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಇಷ್ಟೇ ಕಥೆ! ಚಿಕ್ಕಂದಿನಲ್ಲಿ ನಾವೆಲ್ಲ ಕೇಳಿದ ಅಜ್ಜಿ ಮತ್ತು ಕೋಳಿಯ ಕಥೆಯಿಂದಲೇ ಹುಟ್ಟಿದ್ದು. ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಇಂಥವು ಇರುತ್ತವೆ, ಮೊದಲು ಅಲ್ಲಿ ಹುಡುಕಿ. ಕಂಡು ಕೇಳದ ರೌಡಿಗಳ ಕಥೆ ಬೇಡ.

2. ಸೀನ್ ಆರ್ಡರ್

ಒಂದೊಂದು ಸೀನನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಹರಡಿ. ಯಾವುದನ್ನು ತೆಗೆದರೂ ಕಥೆಗೆ ಏನೂ ಆಗುವುದಿಲ್ಲವೋ ಅದನ್ನು ಬಿಸಾಕಿ.

3. ಸೀನ್ ಬರೆಯುವುದು

ಒಬ್ಬ ವಿದ್ಯಾರ್ಥಿ ಹೀಗೆ ಬರೆದು ತಂದಿದ್ದ: ‘ಹಸು ಮಾರಿದ ನೋವು ರಂಗಪ್ಪನನ್ನು ಒಳಗೊಳಗೇ ಕೊರೆಯುತ್ತಿತ್ತು. ಮಗನ ಓದಿಗಾಗಿ ಅವನು ಈ ತ್ಯಾಗ ಮಾಡಿದ್ದ.’

ಕಥೆಯ ಪುಸ್ತಕದಲ್ಲಾದರೆ ಸರಿ. ಆದರೆ ಇಲ್ಲಿ ಕ್ಯಾಮೆರಾ ಎಲ್ಲಿಡುತ್ತೀರಿ? ‘ತ್ಯಾಗ’ವನ್ನು ಶೂಟ್ ಮಾಡೋಕಾಗಲ್ಲ, ಅಲ್ವಾ? ಪಾಪ, ನಟ ಸುಮ್ನೆ ಮುಖ ಕಿವುಚಿಕೊಂಡು ಆಕಾಶ ನೋಡಬೇಕಾಗುತ್ತದೆ. ಇಬ್ಬರೂ ಕೂತು ತಿದ್ದಿದೆವು.

ಸೀನ್ 3. ಒಳಗೆ. ಕೊಟ್ಟಿಗೆ. ನಸುಕು.
ರಂಗಪ್ಪ ಹಾಲು ಕರೆಯುವ ಚೆಂಬು ಹಿಡಿದು ಬರುತ್ತಾನೆ. ಬಾಗಿಲಲ್ಲೇ ನಿಲ್ಲುತ್ತಾನೆ. ಗೂಟದಲ್ಲಿ ಬರೀ ಹಗ್ಗ. ಚೆಂಬನ್ನು ಕವುಚಿ ಇಡುತ್ತಾನೆ. ಹಗ್ಗ ಬಿಚ್ಚಿ, ನಿಧಾನವಾಗಿ ಸುತ್ತುತ್ತಾನೆ.

ಸೀನ್ 4. ಒಳಗೆ. ಅಡುಗೆಮನೆ. ಬೆಳಿಗ್ಗೆ.
ಹೆಂಡತಿ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತಾಳೆ. ಕಾಫಿ ಲೋಟ ತಂದಿಡುತ್ತಾಳೆ. ರಂಗಪ್ಪ ಮುಟ್ಟುವುದಿಲ್ಲ.

‘ನೋವು’ ಅನ್ನುವ ಮಾತೇ ಇಲ್ಲ. ಆದರೂ ಆ ಕಾಫಿ ಯಾಕೆ ಆರುತ್ತಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ನಿಮ್ಮ ಸ್ಕ್ರಿಪ್ಟಿನಲ್ಲಿ ‘ನೆನೆಯುತ್ತಾಳೆ’, ‘ಯೋಚಿಸುತ್ತಾನೆ’, ‘ಅನ್ನಿಸುತ್ತದೆ’ ಎಂದು ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಆ ಪಾತ್ರದ ಕೈಗೊಂದು ಕೆಲಸ ಕೊಡಿ, ಇಲ್ಲವೇ ಕಣ್ಣಿಗೊಂದು ವಸ್ತು ತೋರಿಸಿ. ಎಲ್ಲವೂ ಈಗಲೇ ನಡೆಯುತ್ತಿರುವ ಹಾಗೆ ಬರೆಯಿರಿ. ‘ಬಂದಿದ್ದ’, ‘ಮಾಡಿದ್ದ’ ಎಂದು ಬರೆದರೆ ಕಥೆ ಹೇಳಲು ಶುರು ಮಾಡಿದಿರಿ ಎಂದೇ ಅರ್ಥ. ಕಷ್ಟ ಬಂತೆಂದು ವಾಯ್ಸ್ ಓವರ್, ಅಂದರೆ ತೆರೆಯ ಹಿಂದಿನಿಂದ ಕಥೆ ಹೇಳುವ ದನಿ, ಹಾಕಬೇಡಿ. ಮೊದಲ ಚಿತ್ರದಲ್ಲಂತೂ ಅದು ಬೇಡವೇ ಬೇಡ, ಫ್ಲ್ಯಾಷ್‌ಬ್ಯಾಕೂ ಬೇಡ.

4. ಸಂಭಾಷಣೆ

ಮೊದಲು ಮಾತೇ ಇಲ್ಲದೆ ಇಡೀ ಚಿತ್ರ ಬರೆಯಿರಿ. ಎಲ್ಲಿ ತೀರಾ ಬೇಕೋ ಅಲ್ಲಷ್ಟೇ ಮಾತು ಸೇರಿಸಿ. ರಂಗಪ್ಪನ ಮಗ ಫೋನಿನಲ್ಲಿ ‘ನನ್ನ ಹಾಸ್ಟೆಲ್ ಶುಲ್ಕಕ್ಕಾಗಿ ನೀವು ಹಸು ಮಾರಿದಿರಿ’ ಎನ್ನುವುದಿಲ್ಲ. ಅವನು ಮಂಡ್ಯದ ಹುಡುಗ. ‘ದುಡ್ಡು ಬಂತು ಕಣಪ್ಪ’ ಅಂದರೆ ಸಾಕು. ಧಾರವಾಡದ ಅವ್ವ ಧಾರವಾಡದ ಹಾಗೇ ಮಾತಾಡಲಿ.

ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಹೊಡೆದ ಫೈಲ್ ನಟರ ಮೊಬೈಲಿನಲ್ಲಿ ತೆರೆದರೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಉಚಿತ ಸ್ಕ್ರಿಪ್ಟ್ ಆ್ಯಪ್‌ಗಳನ್ನೂ ನಂಬಿ ಕೂರಬೇಡಿ, ಕೆಲವು ಪಿಡಿಎಫ್ ಮಾಡುವಾಗ ಒತ್ತಕ್ಷರಗಳನ್ನು ಚದುರಿಸಿಬಿಡುತ್ತವೆ. ನನ್ನನ್ನು ಕೇಳಿದರೆ ಮೊದಲ ಪ್ರತಿಗೆ 200 ಪುಟದ ನೋಟ್‌ಬುಕ್ಕೇ ವಾಸಿ.

5. ಓದಿಸಿ, ಗಡಿಯಾರ ನೋಡಿ

ಒಂದು ಪುಟಕ್ಕೆ ಒಂದು ನಿಮಿಷ ಎನ್ನುವ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟಿನ ಕೊರಿಯರ್ ಫಾಂಟ್, 12 ಪಾಯಿಂಟ್ ಅಳತೆಯದ್ದು. ನಿಮ್ಮ ನೋಟ್‌ಬುಕ್ಕಿಗೆ ಅದು ಹೊಂದುವುದಿಲ್ಲ. ಗೆಳೆಯರಿಗೆ ಪಾತ್ರ ಹಂಚಿ ಗಟ್ಟಿಯಾಗಿ ಓದಿಸಿ. ನೀವು ಓದಬೇಡಿ, ಕೇಳಿಸಿಕೊಳ್ಳಿ. ಯಾರಾದರೂ ತಡವರಿಸಿದರೆ ಅಲ್ಲಿ ಗುರುತು ಹಾಕಿ. ಮಾತಿಲ್ಲದ ಜಾಗಗಳನ್ನು ಎದ್ದು ಮಾಡಿಯೇ ನೋಡಬೇಕು. ರಂಗಪ್ಪ ಹಗ್ಗ ಸುತ್ತುವುದು ಕಾಗದದ ಮೇಲೆ ಒಂದೇ ಸಾಲು. ನಾವು ನಿಜವಾದ ಹಗ್ಗ ತಂದು ಸುತ್ತಿದಾಗ ಅರ್ಧ ನಿಮಿಷ ಹಿಡಿಯಿತು. ಅದನ್ನು ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡೆವು.