ಏಣಿ, ಗಮ್‌ಬೂಟು, ಕಂಬಳಿ: ಅಂಗಾಲು ಹಿಡಿಯುವುದಕ್ಕೆ ನಾನು ಮಾಡುವುದು

ನರ ಹಿಡಿಯಿತು ಎನ್ನುತ್ತೇವೆ, ಆದರೆ ಹಿಡಿದುಕೊಳ್ಳುವುದು ಸ್ನಾಯು. ಹೆಬ್ಬೆರಳು ಕೆಳಕ್ಕೆ ಮಡಚಿ ಅಂಗಾಲಿನ ಕಮಾನಿನಲ್ಲಿ ಗಂಟು ಕಟ್ಟುತ್ತದೆ. ಮೊದಲೇ ಕುಗ್ಗಿ ಕೂತ ಸ್ನಾಯು ಇನ್ನಷ್ಟು ಬಿಗಿದಾಗ ಸೆಳೆತ ಬೇಗ ಹಿಡಿಯುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಪಾದ ಎಲ್ಲಿ, ಎಷ್ಟು ಹೊತ್ತು ಮುದುಡಿಕೊಂಡಿತ್ತು ಎಂದು.

ನಿದ್ದೆಯಲ್ಲಿ ಹಿಡಿದರೆ ಕಾಲು ಚಾಚಿ ಬೆರಳು ಮುಂದಕ್ಕೆ ಚೂಪು ಮಾಡುವುದು ಸಹಜ. ಅದೇ ತಪ್ಪು, ಗಂಟು ಇನ್ನೂ ಬಿಗಿಯುತ್ತದೆ. ಎದ್ದು ಕೂತು, ಒಂದು ಕೈಯಲ್ಲಿ ಹಿಮ್ಮಡಿ ಹಿಡಿದು, ಇನ್ನೊಂದರಲ್ಲಿ ಐದೂ ಬೆರಳನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆಯುತ್ತೇನೆ. 30 ಸೆಕೆಂಡು ಹಿಡಿದು ಮೆಲ್ಲಗೆ ಬಿಟ್ಟು, ಎರಡು ಮೂರು ಸಲ. ಮೀನಖಂಡವೂ ಹಿಡಿದಿದ್ದರೆ ಮಂಡಿ ನೇರ ಇರಬೇಕು. ಕೈ ಎಟುಕದವರು ಬೆರಳ ಬುಡಕ್ಕೆ ಟವೆಲ್ ಸುತ್ತಿ ಎಳೆಯಬಹುದು. ಗಕ್ಕನೆ ಜಗ್ಗಬಾರದು. ಜಗ್ಗಿದ ಸ್ನಾಯು ಪ್ರತಿಯಾಗಿ ಬಿಗಿಯುತ್ತದೆ, ಮಾರನೇ ದಿನ ಕುಂಟುವ ಹಾಗಾಗುತ್ತದೆ. ಗೋಡೆ ಹಿಡಿದು ಪಾದ ಪೂರ್ತಿ ಊರಿ ನಿಂತರೂ ಬಿಡುತ್ತದೆ. ತಣ್ಣನೆಯ ನೆಲದಿಂದ ಬಿಟ್ಟಿತು ಎನ್ನುತ್ತಾರೆ, ಆದರೆ ಬಿಡಿಸುವುದು ಮೈಭಾರ. ಚಾಪೆಯ ಮೇಲೆ ನಿಂತರೂ ಆಗುತ್ತದೆ.

ಬಿಟ್ಟ ಮೇಲೆ ಉಳಿಯುವ ನೋವಿಗೆ ಹತ್ತು ನಿಮಿಷ ಬಿಸಿನೀರು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ಗೊತ್ತಾಗದೆ ಬೊಕ್ಕೆ ಏಳಬಹುದು, ಮೊಣಕೈ ಅದ್ದಿ ನೋಡಿಕೊಳ್ಳಬೇಕು. ಆಮೇಲೆ ಸಿಪ್ಪೆ ತೆಗೆದು ನಯಮಾಡಿದ ಕಾಫಿ ಗಿಡದ ಕೋಲನ್ನು, ಒಂದೂವರೆ ಇಂಚು ದಪ್ಪದ್ದು, ಅಂಗಾಲಿನಡಿ ಉರುಳಿಸುತ್ತೇನೆ. ಲಟ್ಟಣಿಗೆಯೂ ಆದೀತು, ಅಡುಗೆಮನೆಯವರು ಒಪ್ಪಿದರೆ.

ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಕೆಲಸವೇ ಅಂಗಾಲನ್ನು ಮುದುಡಿಸುತ್ತದೆ. ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಎಲ್ಲಕ್ಕಿಂತ ಕೆಟ್ಟದ್ದು. ಮೆಟ್ಟಿಲು ಸರಿಯಾಗಿ ಕಮಾನಿಗೇ ಒತ್ತುತ್ತದೆ, ಬೆರಳು ಅದನ್ನು ಕಚ್ಚಿ ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿಯುವುದು ಲೇಸು. ಮೇಲಿದ್ದಾಗಲೇ ಹಿಡಿದರೆ ಕಾಲು ಕೊಡವಬಾರದು. ಎರಡೂ ತೋಳಲ್ಲಿ ಏಣಿ ತಬ್ಬಿ, ಮೆಟ್ಟಿಲನ್ನು ಬೆರಳ ಬುಡಕ್ಕೆ ತಂದು ಹಿಮ್ಮಡಿಯನ್ನು ಕೆಳಗಿಳಿಬಿಡಬೇಕು. ಸಡಿಲವಾದ ಮೇಲೆ ಇಳಿಯಬೇಕು.

ಗಮ್‌ಬೂಟನ್ನು ‘ಇರಲಿ, ಹಾಕಲು ಸಲೀಸು’ ಎಂದು ಒಂದು ಸೈಜ್ ದೊಡ್ಡದು ಕೊಳ್ಳುತ್ತಾರೆ. ಇಳಿಜಾರಿನಲ್ಲಿ ಹಿಮ್ಮಡಿ ಮೇಲೇಳುತ್ತದೆ, ಬೂಟು ಜಾರದಂತೆ ಬೆರಳು ದಿನವಿಡೀ ಮಡಚಿಕೊಂಡೇ ಇರುತ್ತದೆ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತು, ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗವಿರಲಿ, ಹಿಮ್ಮಡಿ ಮೇಲೇಳಬಾರದು. ಜಿಗಣೆ ಹತ್ತದಂತೆ ಕಾಲಿಗೆ ಕಟ್ಟುವ ಚೀಲದ ದಾರದೊಳಗೆ ಒಂದು ಬೆರಳು ಹೋಗುವಷ್ಟು ಸಡಿಲವಿರಲಿ.

ಹಾಸಿಗೆಯಲ್ಲಿ ಅಪರಾಧಿ ಕಂಬಳಿ. ಚಳಿಗೆ ಕಾಲ ಬಳಿ ಬಿಗಿಯಾಗಿ ಸಿಕ್ಕಿಸಿದರೆ ಅದರ ಭಾರಕ್ಕೆ ಅಂಗಾತ ಮಲಗಿದವರ ಪಾದ ಕೆಳಕ್ಕೆ ಬಾಗುತ್ತದೆ. ಸಡಿಲ ಬಿಟ್ಟು, ಕಾಲತುದಿಗೊಂದು ದಿಂಬು ನಿಲ್ಲಿಸಿದರೆ ಸಾಕು. ಮಲಗುವ ಮುಂಚೆ ಗೋಡೆಗೆ ಕೈಯೂರಿ, ಎರಡಡಿ ಹಿಂದೆ ನಿಂತು, ಮಂಡಿ ನೇರ, ಹಿಮ್ಮಡಿ ನೆಲಕ್ಕೆ, ಮುಂದಕ್ಕೆ ವಾಲುವುದು. 30 ಸೆಕೆಂಡು, ಮೂರು ಸಲ. ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದವರು ಆರು ವಾರ ರಾತ್ರಿ ಮೀನಖಂಡ ಮತ್ತು ತೊಡೆಯ ಹಿಂಭಾಗವನ್ನು ಎಳೆದಾಗ ಸೆಳೆತ ಕಡಿಮೆಯಾದದ್ದು 2012ರಲ್ಲಿ ಪ್ರಕಟವಾಗಿದೆ. ಮೂರು ದಿನಕ್ಕೆ ಬಿಟ್ಟುಬಿಟ್ಟರೆ ಏನೂ ಸಿಗುವುದಿಲ್ಲ.

ಬಾಳೆಹಣ್ಣು ತಿನ್ನಿ, ಆದರೆ ಹಿಡಿದ ಕಾಲನ್ನು ಅದು ಬಿಡಿಸದು. ಮೆಗ್ನೀಸಿಯಂ ಮಾತ್ರೆಯಿಂದ ವಯಸ್ಸಾದವರಿಗೆ ಹೇಳಿಕೊಳ್ಳುವ ಪ್ರಯೋಜನ ಕಂಡಿಲ್ಲ. ರೊಬಸ್ಟಾ ಕಾಫಿ ಕೊಯ್ಲಿನ ಬಿಸಿಲಲ್ಲಿ ಬೆವರುವವರಿಗೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆತಟ್ಟಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಕೇಳಿಯೇ ಕುಡಿಯಬೇಕು. ಹಿಂದೆ ಸೆಳೆತಕ್ಕೆ ಕೊಡುತ್ತಿದ್ದ ಮಲೇರಿಯಾ ಔಷಧಿ ಕ್ವಿನೈನ್ ಮಾತ್ರ ಬೇಡ, ರಕ್ತದ ಪ್ಲೇಟ್‌ಲೆಟ್ ಇಳಿಸಿ ಹೃದಯದ ಬಡಿತ ಕೆಡಿಸಬಲ್ಲದು. ಬಿಪಿಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ ಶುರುವಾದ ಮೇಲೆ ಹಿಡಿಯತೊಡಗಿದ್ದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ.