ಎಳೆದ ಪಿವಿಡಿಎಫ್ ಫಿಲ್ಮಿನ ಹರಳು ರಚನೆ ಬಿಡಿಸುವಾಗ

ಪಿವಿಡಿಎಫ್ (ಪಾಲಿವಿನೈಲಿಡೀನ್ ಫ್ಲೋರೈಡ್) ಎಂಬ ಪ್ಲಾಸ್ಟಿಕ್‌ನ ಸರಪಳಿ ಅಣುಗಳು ಬೇರೆ ಬೇರೆ ಹರಳು ರೂಪಗಳಲ್ಲಿ ಜೋಡಣೆಯಾಗುತ್ತವೆ; ಆಲ್ಫಾ, ಬೀಟಾ ಅವುಗಳಲ್ಲಿ ಎರಡು. ಎಕ್ಸ್-ರೇ ಹಾಯಿಸಿದಾಗ ಪ್ಲೇಟಿನ ಮೇಲೆ ಬೀಳುವ ಚುಕ್ಕೆ, ಉಂಗುರಗಳಿಂದ ಆ ಜೋಡಣೆ ತಿಳಿಯುತ್ತದೆ. ಬೀಟಾ ರೂಪ ಬೇಕಾದರೆ ಆಲ್ಫಾ ಫಿಲ್ಮನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕೈದು ಪಟ್ಟು ಎಳೆಯುತ್ತೇನೆ. ಬಿಸಿ ಜಾಸ್ತಿಯಾದರೆ ಆಲ್ಫಾ ಉಳಿದುಬಿಡುತ್ತದೆ. ಕಡಿಮೆಯಾದರೆ ಒಳಗೆ ಸಣ್ಣ ಟೊಳ್ಳುಗಳೆದ್ದು ಫಿಲ್ಮ್ ಬೆಳ್ಳಗಾಗುತ್ತದೆ. ಆಮೇಲೆ ಎರಡೂ ತುದಿ ಬಿಗಿಹಿಡಿದೇ 120 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡಬೇಕು. ಕ್ಲ್ಯಾಂಪ್ ಸಡಿಲವಾದರೆ ಫಿಲ್ಮ್ ಕುಗ್ಗಿ, ಚುಕ್ಕೆಗಳು ಬರಬೇಕಾದಲ್ಲಿ ಉದ್ದುದ್ದ ಕಮಾನುಗಳು ಬರುತ್ತವೆ.

ತಾಮ್ರದ ಕೆ-ಆಲ್ಫಾ ಎಕ್ಸ್-ರೇಗೆ (ತಾಮ್ರದಿಂದ ಹೊಮ್ಮುವ ನಿಗದಿತ ತರಂಗಾಂತರದ ಕಿರಣ) ಚುಕ್ಕೆಗಳು ಚೆನ್ನಾಗಿ ಮೂಡಲು ಪಿವಿಡಿಎಫ್‌ನ ಹದವಾದ ದಪ್ಪ ಸುಮಾರು 0.5 ಮಿ.ಮೀ. ಫಿಲ್ಮ್ 25 ಮೈಕ್ರಾನ್ ಇದ್ದರೆ 20 ಪದರ ಪೇರಿಸಬೇಕು. ಕತ್ತರಿಸುವ ಮೊದಲೇ ಎಳೆದ ದಿಕ್ಕಿಗೆ ಗೆರೆ ಎಳೆದಿಟ್ಟುಕೊಳ್ಳಿ. ಅಂಟು ಕಿರಣ ತಾಗದ ತುದಿಗಳಿಗೆ ಮಾತ್ರ. ಸೆಲ್ಲೋ ಟೇಪ್ ಸುತ್ತಲೇಬೇಡಿ. ಅದೂ ಎಳೆದ ಪಾಲಿಮರೇ, ತನ್ನದೇ ಚುಕ್ಕೆಗಳನ್ನು ಬೆರೆಸುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಫಿಲ್ಮನ್ನು ಮುಖದಿಂದ ಒಂದು ಸಲ ಚಿತ್ರ ತೆಗೆದು, ನಾರಿನ ಸೂತ್ರಕ್ಕೆ (ಹರಳುಗಳು ಎಳೆದ ಅಕ್ಷದ ಸುತ್ತ ಎಲ್ಲ ಕಡೆಗೂ ಸಮನಾಗಿ ತಿರುಗಿವೆ ಎಂದು ಹಿಡಿಯುವ ಲೆಕ್ಕಕ್ಕೆ) ಚುಕ್ಕೆಗಳ ತೀವ್ರತೆಗಳನ್ನು ತುರುಕುತ್ತಾರೆ. ಫಿಲ್ಮ್ ನಾರಲ್ಲ. ಪೇರಿಸಿದ ಕಟ್ಟಿನಿಂದ 0.5 ಮಿ.ಮೀ. ಚೌಕದ ಕಡ್ಡಿ ಕೊಯ್ದು ಮುಖದಿಂದ, ಅಂಚಿನಿಂದ, ಅದೇ ದಪ್ಪದ ಬಿಲ್ಲೆ ಮಾಡಿ ತುದಿಯಿಂದ, ಹೀಗೆ ಮೂರು ಚಿತ್ರ ತೆಗೆಯಿರಿ. ತುದಿಯ ಚಿತ್ರದಲ್ಲಿ 20.7 ಡಿಗ್ರಿಯ (ಕಿರಣ ನೇರ ದಾರಿಯಿಂದ ಬಾಗಿದ ಕೋನ) ಬೀಟಾ ಉಂಗುರ ಎಲ್ಲೆಡೆ ಒಂದೇ ಸಮನಿದ್ದರೆ ನಾರಿನ ಲೆಕ್ಕ ನಡೆಯುತ್ತದೆ. ಅಗಲ ಕುಗ್ಗದಂತೆ ಎಳೆದ ಅಥವಾ ರೋಲರ್‌ಗೆ ಕೊಟ್ಟ ಫಿಲ್ಮಿನಲ್ಲಿ ಅದು ತುಂಡಾಗುತ್ತದೆ. ಆಗ ಮುಖದ ತೀವ್ರತೆಯೇ ಬೇರೆ, ಅಂಚಿನದೇ ಬೇರೆ.

ಫಿಲ್ಮಿನಿಂದ ಪ್ಲೇಟಿಗಿರುವ ದೂರವನ್ನು ಸ್ಕೇಲಿನಲ್ಲಿ ಅಳೆಯಬೇಡಿ. ಚಿಟಿಕೆ ಸಿಲಿಕಾನ್ ಪುಡಿ ಉದುರಿಸಿ: ಅದರ 111 ಉಂಗುರ (111, 001 ಮುಂತಾದವು ಹರಳಿನ ಪದರಗಳನ್ನು ಗುರುತಿಸುವ ಸೂಚ್ಯಂಕಗಳು) 28.44 ಡಿಗ್ರಿಯಲ್ಲಿ, ಪ್ಲೇಟ್ 60 ಮಿ.ಮೀ. ದೂರವಿದ್ದರೆ ತ್ರಿಜ್ಯ 32.5 ಮಿ.ಮೀ. ಬರಬೇಕು. ಸರಪಳಿಯ ಉದ್ದಕ್ಕಿರುವ 001 ನೇರ ನಿಲ್ಲಿಸಿದ ಫಿಲ್ಮಿನಲ್ಲಿ ಸರಿಯಾಗಿ ಸಿಗುವುದಿಲ್ಲ. ಎಳೆದ ಅಕ್ಷವನ್ನು ಕಿರಣದ ಕಡೆ 17.5 ಡಿಗ್ರಿ ಬಾಗಿಸಬೇಕು. ಸಿ ಅಕ್ಷ, ಅಂದರೆ ಸರಪಳಿಯ ಉದ್ದಕ್ಕೆ ರಚನೆ ಮರುಕಳಿಸುವ ದೂರ, 2.56 ಆಂಗ್‌ಸ್ಟ್ರಾಂ (ಮಿ.ಮೀ.ನ ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಂ) ಬಂದರೆ ಅಂಕುಡೊಂಕು ಸರಪಳಿ, ಬೀಟಾ. 4.62 ಬಂದರೆ ಆಲ್ಫಾ. 17.7, 18.3 ಡಿಗ್ರಿಗಳಲ್ಲಿ ಏನಾದರೂ ಇಣುಕಿದರೂ ಆಲ್ಫಾ ಉಳಿದಿದೆ ಎಂದೇ ಅರ್ಥ.

ಬೀಟಾ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಅತಿ ಸಣ್ಣ ಡಬ್ಬಿಯ) ಉಳಿದೆರಡು ಬದಿಗಳಿಗೆ ಎ 8.58, ಬಿ 4.91 ಆಂಗ್‌ಸ್ಟ್ರಾಂ ಹಾಕಿ ಚುಕ್ಕೆಗಳಿಗೆ ಸೂಚ್ಯಂಕ ಕೊಟ್ಟ ಮೇಲೆ ಸಾಂದ್ರತೆ ನೋಡಿ. ಕೋಶಕ್ಕೆ ಎರಡು ಸರಪಳಿ ಹಿಡಿದರೆ 1.97 ಗ್ರಾಂ/ಘನ ಸೆಂ.ಮೀ. ತೂಗಿದ ಫಿಲ್ಮಿನದು ಸುಮಾರು 1.78, ಹರಳಾಗದ ಭಾಗವೂ ಇರುವುದರಿಂದ ಕಡಿಮೆಯೇ ಇರಬೇಕು. ಒಂದು ಸರಪಳಿಗೆ ಅರ್ಧವಾಗುತ್ತದೆ, ಮೂರಕ್ಕೆ 2.96: ಎರಡೂ ಆಗದ ಮಾತು.

ಸಿಗುವ ಚುಕ್ಕೆಗಳು ಬೆರಳೆಣಿಕೆ. ಹಾಗಾಗಿ ಪರಮಾಣುಗಳನ್ನು ಬಿಡಿಬಿಡಿಯಾಗಿ ಸರಿಸದೆ, ಬಂಧದ ಉದ್ದ, ಕೋನ ಕಟ್ಟಿಹಾಕಿ ಇಡೀ ಸರಪಳಿಯನ್ನೇ ತಿರುಗಿಸುತ್ತೇನೆ. 110, 200 ಒಂದರ ಮೇಲೊಂದು ಬೀಳುತ್ತವೆ, ಅವುಗಳ ಮೊತ್ತವನ್ನೇ ಹೋಲಿಸಬೇಕು. ಇಷ್ಟಾದರೂ ಲೆಕ್ಕ ಕೂಡದಿದ್ದರೆ ಫ್ಲೋರಿನ್ ನೋಡಿ: ಒಂದೇ ಸರಪಳಿಯ ಅಕ್ಕಪಕ್ಕದ ಎರಡು ಫ್ಲೋರಿನ್‌ಗೆ 2.70 ಆಂಗ್‌ಸ್ಟ್ರಾಂ ಜಾಗ ಬೇಕು, ಇರುವುದು 2.56. ಸರಪಳಿ ಪೂರ್ತಿ ಚಪ್ಪಟೆ ಇರಲಾರದು. 1972ರಲ್ಲಿ ಜಪಾನಿನ ತದೊಕೊರೊ ತಂಡ ಸುಮಾರು 7 ಡಿಗ್ರಿ ಅತ್ತಿತ್ತ ವಾಲಿಸಿ ಇದನ್ನು ಹೊಂದಿಸಿತ್ತು.