ಅಂಜೂರದ ಕಡ್ಡಿ ಚಿಗುರಿದರೆ ಹಿಗ್ಗಬೇಡಿ, ಬೇರು ನೋಡಿ

ಒಣ ಅಂಜೂರದ ಬೀಜ ಬಿತ್ತಿ ಗಿಡ ಮಾಡಲು ಹೊರಟವರನ್ನು ನಮ್ಮ ಬಳ್ಳಾರಿಯಲ್ಲೇ ಕಂಡಿದ್ದೇನೆ. ಸಸಿ ಹುಟ್ಟಬಹುದು, ಆದರೆ ತಾಯಿಯ ಗುಣ ಬರುವ ಭರವಸೆ ಇಲ್ಲ. ತಿನ್ನುವ ಹಣ್ಣು ಬಿಡದ ಗಂಡು ಗಿಡವೂ ಆಗಬಹುದು. ಅಂಜೂರಕ್ಕೆ ಹೆಸರಾದ ಸೀಮೆಯಲ್ಲಿದ್ದು ಆ ಪಾಡು ಏಕೆ? ತೋಟದವರು ಗಿಡ ಸವರುವ ದಿನ ಹೋಗಿ ಕೇಳಿ, ಬದುವಿಗೆ ಎಸೆಯುವ ಕಡ್ಡಿಯನ್ನೇ ಕೊಡುತ್ತಾರೆ. ಪೂನಾ, ದೀನಾದಂಥ ತಳಿಗಳಿಗೆ ಪರಾಗ ತರುವ ಕಣಜ ಬೇಕಿಲ್ಲ, ಮಾಳಿಗೆಯ ಮೇಲೆ ಒಂಟಿ ಗಿಡವಿದ್ದರೂ ಕಾಯಿ ಹಣ್ಣಾಗುತ್ತದೆ.

ಎಲೆ ಉದುರಿ ಗಿಡ ಸುಮ್ಮನಿರುವ ಚಳಿಯ ದಿನಗಳು ಒಳ್ಳೆಯವು. ಸಂಕ್ರಾಂತಿಯ ಆಸುಪಾಸಿನಲ್ಲಿ ಊರಿದರೆ ಬೇಸಿಗೆ ಬಲಿಯುವ ಮೊದಲು ಬೇರು ಹಿಡಿಯುತ್ತದೆ. ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್‌ಗಿಂತ ತುಸು ದಪ್ಪನೆಯ, ಒಂದು ವರ್ಷದ ರೆಂಬೆಯಿಂದ 20–25 ಸೆಂ.ಮೀ. ಉದ್ದದ ಕಡ್ಡಿ ತೆಗೆಯಿರಿ; ನಾಲ್ಕೈದು ಗೆಣ್ಣು ಇರಲಿ. ಕೆಳಗೆ ಗೆಣ್ಣಿಗೆ ಹತ್ತಿಕೊಂಡಂತೆ ನೇರವಾಗಿ, ಮೇಲೆ ಓರೆಯಾಗಿ ಕತ್ತರಿಸಿದರೆ ತಲೆಕೆಳಗಾಗಿ ಊರುವ ಗೊಂದಲವಿಲ್ಲ. ಕೈಗವಸು ಹಾಕಿಕೊಳ್ಳಿ. ಸೋರುವ ಬಿಳಿ ಹಾಲು ಮೈಗೆ ತಾಗಿ, ಅದರ ಮೇಲೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಹಾಲು ಒಣಗಲು ಕಡ್ಡಿಯನ್ನು ಒಂದು ದಿನ ನೆರಳಲ್ಲಿಡಿ. ಬೇರು ಬರಿಸುವ ಪುಡಿ ಇದ್ದರೆ ಹಚ್ಚಿ, ಇಲ್ಲದಿದ್ದರೆ ಬಿಡಿ. ಅಂಜೂರ ಅದಿಲ್ಲದೆಯೂ ಬೇರು ಬಿಡುತ್ತದೆ. ಮೊಬೈಲ್ ವಿಡಿಯೊಗಳು ಹೇಳುವ ಜೇನುತುಪ್ಪವನ್ನು ರೊಟ್ಟಿಗೆ ಹಚ್ಚಿಕೊಳ್ಳುವುದೇ ಲೇಸು.

ಊರಲು ಅರ್ಧ ಉಸುಕು, ಅರ್ಧ ತೆಂಗಿನ ನಾರಿನ ಪುಡಿ ಸಾಕು, ಗೊಬ್ಬರ ಬೇಡ. ನಾನು ಪಾರದರ್ಶಕ ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ತಳಕ್ಕೆ ತೂತು ಕೊರೆದು ಬಳಸುತ್ತೇನೆ. ಸುತ್ತ ಹಳೆಯ ದಿನಪತ್ರಿಕೆ ಕಟ್ಟಿದರೆ ಒಳಗೆ ಕತ್ತಲೆ. ಬಿಚ್ಚಿದರೆ ಬೇರು ಕಾಣುತ್ತದೆ. ಕಡ್ಡಿಯ ಮೂರರಲ್ಲಿ ಎರಡು ಭಾಗ ಮಿಶ್ರಣದೊಳಗೆ ಹೋಗಲಿ. ನಮ್ಮ ಒಣಗಾಳಿಗೆ ತುದಿ ಬತ್ತದಂತೆ ಮೇಲೊಂದು ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುಚ್ಚಿ, ಬೆಳಕಿರುವ ನೆರಳಲ್ಲಿಡಿ. ತೇವ ಹಿಂಡಿದ ಬಟ್ಟೆಯಷ್ಟು ಮಾತ್ರ. ಕಡ್ಡಿ ಒಣಗಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಹೆಚ್ಚು.

ಇನ್ನು ಮೋಸದ ಘಟ್ಟ. ಎರಡು ಮೂರು ವಾರಕ್ಕೆ ಚಿಗುರು ಬರುತ್ತದೆ, ಪಕ್ಕದ ಮನೆಯವರು "ಅಕ್ಕಾ, ಹತ್ತಿದೆ, ಕುಂಡಕ್ಕೆ ಹಾಕಲೇ?" ಎಂದು ಕೇಳುತ್ತಾರೆ. ಹತ್ತಿರುವುದಿಲ್ಲ. ಆ ಎಲೆಗಳು ಕಡ್ಡಿಯಲ್ಲೇ ಕೂಡಿಟ್ಟ ಸತ್ವವನ್ನು ತಿಂದು ಬಂದವು. ಬೇರು ಹಲವು ಸಲ ಅದರ ಹಿಂದೆ ಬರುತ್ತದೆ. ಎಳೆದು ನೋಡಿದರೆ ಆಗತಾನೇ ಮೂಡಿದ ಬಿಳಿ ಬೇರು ಪಟ್ಟೆಂದು ಮುರಿಯುತ್ತದೆ. ಬಾಟಲಿಯ ಗೋಡೆಗುಂಟ ಬೇರು ಹೆಣೆದು, ಕೆಲವು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿರಿ. ಚೀಲವನ್ನೂ ಒಮ್ಮೆಲೇ ತೆಗೆಯಬೇಡಿ. ಮೊದಲು ಸಂಜೆ ಸ್ವಲ್ಪ ಹೊತ್ತು, ಆಮೇಲೆ ರಾತ್ರಿಯಿಡೀ, ಹೀಗೆ ಹೊರಗಾಳಿಗೆ ರೂಢಿ ಮಾಡಿಸಿ.

ಮೊದಲ ಕುಂಡ 8 ಇಂಚಿನದು ಸಾಕು, ಅದು ತುಂಬಿದ ಮೇಲೆ 16 ಇಂಚಿನದು. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಎರೆ (ಕಪ್ಪು) ಮಣ್ಣು ಹೊಲಕ್ಕೆ ಚೆಂದ, ಕುಂಡದಲ್ಲಿ ನೀರು ಹಿಡಿದು ಬೇರನ್ನು ಕೊಳೆಸುತ್ತದೆ. ಬದನೆ, ಟೊಮೆಟೊ ಬೆಳೆದ ಮಣ್ಣನ್ನಂತೂ ತರಲೇಬೇಡಿ. ಅಂಥ ಮಣ್ಣಿನಲ್ಲಿ ಉಳಿದಿರಬಹುದಾದ, ಬೇರಿನಲ್ಲಿ ಗಂಟು ಕಟ್ಟಿಸುವ ಬೇರುಗಂಟು ಜಂತುಹುಳು ಅಂಜೂರಕ್ಕೆ ದೊಡ್ಡ ಶತ್ರು. ಸಂಶಯವಿದ್ದರೆ ಹಿಂದಿನ ಬೇಸಿಗೆಯಲ್ಲೇ ಮಣ್ಣನ್ನು ನೆನೆಸಿ, ಪಾರದರ್ಶಕ ಹಾಳೆ ಹೊದಿಸಿ ಒಂದು ತಿಂಗಳು ಬಿಸಿಲಿಗೆ ಬಿಡಿ. ನಮ್ಮ ಏಪ್ರಿಲ್ ಬಿಸಿಲಿನಿಂದ ಇಷ್ಟಾದರೂ ಉಪಕಾರವಾಗಲಿ.

ನಾಟಿ ಸಂಜೆ ಮಾಡಿ. ಬಾಟಲಿಯನ್ನು ಉದ್ದಕ್ಕೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ, ತಳದಿಂದ ನೀರು ಇಳಿಯುವಷ್ಟು ಹಾಕಿ. ಒಂದು ವಾರ ನೆರಳು, ಆಮೇಲೆ ಬೆಳಗಿನ ಬಿಸಿಲು ಮಾತ್ರ. ಮೊದಲ ಬೇಸಿಗೆಯ ಮಧ್ಯಾಹ್ನಗಳಿಗೆ ನೆರಳು ಪರದೆ ಬೇಕೇ ಬೇಕು. ಬುಡಕ್ಕೆ ಶೇಂಗಾ ಸಿಪ್ಪೆ ಹರಡಿದರೆ ತೇವ ನಿಲ್ಲುತ್ತದೆ. ಗೇಣುದ್ದದ ಗಿಡವೂ ಕಾಯಿ ಬಿಡಲು ನೋಡುತ್ತದೆ. ಮಕ್ಕಳು ಎಷ್ಟೇ ಗೋಗರೆದರೂ ಮೊದಲ ವರ್ಷ ಅವನ್ನು ಚಿವುಟಿ ಹಾಕಿ.